ದುರುಗಿಯ ಒಲೆಗೆ ಬಂದ ಕೆಂಡ

ಹತ್ತಿರ ಬರ್ರಿ, ಕಾಲು ಮಡಚಿ ಕುಂದರ್ರಿ. ಏಳು ಹಳ್ಳ ದಾಟಿ, ಎಂಟನೇ ಹಳ್ಳದ ಆಚೆ ಒಂದೂರು ಇತ್ತಂತೆ. ಅದರ ಹೆಸರು ನನಗೂ ಗೊತ್ತಿಲ್ಲ, ನನಗೆ ಕಥೆ ಹೇಳಿದವಳಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಒಂದು ಪದ್ಧತಿ. ಹೊಸದಾಗಿ ಬಂದವರು ಗೌಡರ ಮನೆಯಿಂದ ಒಂದು ಕೆಂಡ ಇಸಕೊಂಡೇ ತಮ್ಮ ಒಲೆ ಹೊತ್ತಿಸಬೇಕು. ಕಲ್ಲು ಕುಟ್ಟಿ ಎಬ್ಬಿಸಿದ ಬೆಂಕಿ ಸುಡುಗಾಡಿಗೆ ಮಾತ್ರ. ಅದನ್ನ ಮನೆಯೊಳಗೆ ತಂದರೆ ಊರೇ ಬಿಡಿಸೋರು.

ಆ ಊರಿಗೆ ಕುಂಬಾರರ ಕೊಟ್ರವ್ವ ಬಂದಳು. ಕೆಳಗಿನ ಸೀಮೆಯವಳು, ಮಾತಿಗೆ ರಾಗ ಜಾಸ್ತಿ. ಬಾಯಿ ತೆರೆದರೆ ಊರು ನಗೋದು. ಕೆಂಡ ಕೇಳೋಕೆ ಹೋದರೆ, ಇನ್ನೊಮ್ಮೆ ಕೇಳವ್ವ, ರಾಗ ಚಂದ ಐತಿ ಅಂತ ಬಾಗಿಲಲ್ಲೇ ನಿಲ್ಲಿಸಿದರು. ಮನೆಗೆ ಬಂದು ಎಷ್ಟು ಅತ್ತಳೋ. ಆದರೂ ಕೆಂಡ ಕೊಟ್ಟರು. ಎರಡು ವರ್ಷಕ್ಕೆ ಅವಳ ನಾಲಗೆ ಊರ ಮಾತಿಗೆ ಹೊಂದಿತು, ನಗು ನಿಂತಿತು. ಅವಳ ಹಿಂದೆಯೇ ಅಂಬಿಗರ ತಿಮ್ಮವ್ವ ಬಂದಳು. ಒಣಮೀನು ಸುಡ್ತಾಳೆ ಅಂತ ಎಲ್ಲರೂ ಮೂಗಿಗೆ ಸೆರಗು ಹಿಡಿದರು. ಅವಳು ಹಿತ್ತಲಿಗೆ ಹೋಗಿ ಸುಟ್ಟುಕೊಂಡಳು, ಸೆರಗು ಇಳೀತು. ಇವೂ ಕೆಟ್ಟ ಕೆಲಸವೇ, ಕೇಳ್ರಿ. ಮಂದಿಯನ್ನ ನೋಯಿಸೋದು ಸಣ್ಣ ತಪ್ಪು ಅಂತ ನಾನೇನೂ ಹೇಳೋದಿಲ್ಲ.

ಆಮೇಲೆ ದುರುಗಿ ಬಂದಳು. ಕಟ್ಟಿಗೆ ಹೊತ್ತು ಮಾರೋಳು. ಮೈ ಕಡುಗಪ್ಪು, ತಲೆತುಂಬ ಗುಂಗುರು ಕೂದಲು. ಅವಳ ಹಿರೀಕರು ಸಮುದ್ರದ ಆಚೆಯಿಂದ ಬಂದವರು. ಗಂಡ ತೀರಿಕೊಂಡಿದ್ದ, ಮಡಿಲಲ್ಲಿ ಮೂರು ತಿಂಗಳ ಹೆಣ್ಣುಕೂಸು. ಮಾಗಿಯ ಚಳಿ. ಬಿಸಿನೀರಿಲ್ಲದೆ, ಬೆಚ್ಚಗಿನ ಜಾಗವಿಲ್ಲದೆ ಕೂಸಿಗೆ ಕೆಮ್ಮು ಹತ್ತಿತ್ತು. ಅವಳಿಗೆ ಬೇಕಾದದ್ದು ಒಂದೇ ಒಂದು ಕೆಂಡ. ಗೌಡರ ಮನೆಗೆ ಹೋಗಿ ಕೇಳಿದಳು, ಕೊಡಲಿಲ್ಲ. ಅವಳು ತಂದ ಕಟ್ಟಿಗೆ ಊರಿನ ಒಲೆಗಳಲ್ಲೆಲ್ಲ ಉರೀತಿತ್ತು, ಅವಳ ಒಲೆ ಮಾತ್ರ ತಣ್ಣಗಿತ್ತು. ಇದೆಂಥ ನ್ಯಾಯ, ನೀವೇ ಹೇಳ್ರಿ.

ಕೊಟ್ರವ್ವನ ಕರುಳು ಚುರ್ ಅಂತು. ಆದರೆ ಅವಳೊಂದು ತಪ್ಪು ಮಾಡಿದಳು. ತಾನು ಪಟ್ಟ ಪಾಡೂ ದುರುಗಿಯ ಪಾಡೂ ಒಂದೇ ಅಂದುಕೊಂಡಳು. ನನಗೂ ಹೀಗೇ ಆಗಿತ್ತು ತಂಗಿ, ಸ್ವಲ್ಪ ತಿದ್ದಿಕೊಂಡರೆ ಸರಿಹೋಗ್ತದೆ ಅಂದಳು. ಊರಿನವರಂತೆ ಮಾತಾಡು ಅಂದಳು. ದುರುಗಿ ಹಾಗೇ ಮಾತಾಡಿ ಕೇಳಿದಳು, ಕೆಂಡ ಸಿಗಲಿಲ್ಲ. ಮರುದಿನ, ಊರಿನವರಂತೆ ಸೀರೆ ಉಡು ಅಂದಳು. ಉಟ್ಟುಕೊಂಡು ಹೋದಳು, ಸಿಗಲಿಲ್ಲ. ಮೂರನೇ ದಿನ ತಾನೇ ಕೂತು ದುರುಗಿಯ ತಲೆಗೆ ಎಣ್ಣೆ ಹಚ್ಚಿ, ಎಳೆದು ಬಿಗಿದು ಕಟ್ಟಿದಳು. ಗೌಡರ ಮನೆ ಮುಟ್ಟೋದರೊಳಗೆ ಕೂದಲು ಮತ್ತೆ ಸುರುಳಿ ಸುತ್ತಿಕೊಂಡಿತ್ತು. ಅವತ್ತೂ ಸಿಗಲಿಲ್ಲ.

ನಾಲ್ಕನೇ ದಿನ ಕೂಸಿನ ತುಟಿ ನೀಲಿಗಟ್ಟಿತು. ಕೊಟ್ರವ್ವ ಜೊತೆಗೇ ಹೊರಟಳು. ಇವಳು ಮಾತು ಕಲಿತಳು, ಸೀರೆ ಉಟ್ಟಳು, ಇನ್ನೇನು ತಪ್ಪು ಉಳೀತು ಅಂತ ಗೌಡನನ್ನ ಕೇಳಿದಳು. ಗೌಡ ಕೆಟ್ಟವನಂತೆ ಕಾಣೋನಲ್ಲ. ಮೆಲ್ಲಗೇ ಮಾತಾಡೋನು.

"ಇಕೀದು ತಪ್ಪೇನಿಲ್ಲವ್ವ. ಹುಟ್ಟೇ ಅಂಥಾದ್ದು. ಗುಂಗುರು ಕೂದಲಿನವರಿಗೆ ಕೆಂಡಿಲ್ಲ, ಅವರ ಮಕ್ಕಳಿಗೂ ಇಲ್ಲ ಅಂತ ನಮ್ಮಪ್ಪನ ಕಾಲಕ್ಕ ಡಂಗುರ ಹೊಡದೈತಿ."

"ಕೂಸಿಗೂ ಇಲ್ಲೇನ್ರಿ?"

"ಕೂಸಿಗೂ ಇಲ್ಲ."

ಕೊಟ್ರವ್ವ ಕೂಸಿನ ಮುಖ ನೋಡಿದಳು. ತಿದ್ದೋಣ ಅಂದರೆ ಅದಕ್ಕೆ ಮಾತೇ ಬಂದಿಲ್ಲ. ತಿನ್ನೋದನ್ನ ಬಿಡಿಸೋಣ ಅಂದರೆ ತಾಯಿಹಾಲು ಬಿಟ್ಟು ಏನೂ ತಿಂದಿಲ್ಲ. ಆಗ ಅವಳಿಗೆ ತಿಳೀತು ನೋಡ್ರಿ. ತನ್ನನ್ನ ನೋಡಿ ನಕ್ಕದ್ದು ತನ್ನ ಮಾತಿಗೆ. ಇಲ್ಲಿ ಹುಟ್ಟಿದ್ದಕ್ಕೇ ಬಾಗಿಲು ಹಾಕಿ, ಮೇಲೆ ಊರಿನ ಕಟ್ಟಳೆಯ ಅಗುಳಿ ಜಡಿದಿದ್ದರು.

ಅವಳು ಮನೆಗೆ ಹೋಗಿ ಒಡೆದ ಗಡಿಗೆಯ ಚೂರಿನಲ್ಲಿ ತನ್ನ ಒಲೆಯ ಕೆಂಡ ಎತ್ತಿಕೊಂಡಳು. ಕದ್ದುಮುಚ್ಚಿ ಅಲ್ಲ, ನಡು ಮಧ್ಯಾಹ್ನ, ನಡು ಬೀದಿಯಲ್ಲಿ ನಡೆದಳು. ಗೌಡ ಅಡ್ಡ ಬಂದ. ನಿನ್ನನ್ನ ನಮ್ಮೊಳಗೆ ಸೇರಿಸಿಕೊಂಡಿದ್ದೇವೆ, ಇದನ್ನ ಅವಳಿಗೆ ಕೊಟ್ಟರೆ ನಾಳೆಯಿಂದ ನಿನ್ನ ಗಡಿಗೆ ಯಾರೂ ಮುಟ್ಟೋದಿಲ್ಲ ಅಂದ.

"ನೀವು ನಕ್ಕಾಗ ನನಗ ಒಂದು ದಾರಿ ಬಿಟ್ಟಿದ್ರಿ ಗೌಡ್ರ," ಅಂದಳು ಕೊಟ್ರವ್ವ. "ಈ ಕೂಸಿಗೆ ಯಾವ ದಾರಿ ಬಿಟ್ಟೀರಿ? ಹೇಳ್ರಿ, ಅದನ್ನ ಮಾಡಸ್ತೀನಿ."

ಗೌಡ ಯೋಚಿಸಿದ. ಗಡ್ಡ ತುರಿಸಿಕೊಂಡ. ಅವಳು ಪಕ್ಕಕ್ಕೆ ಸರಿದು ಮುಂದೆ ಹೋದಳು.

ದುರುಗಿಯ ಒಲೆ ಹೊತ್ತಿತು. ನೀರು ಕಾಯಿತು. ಬಿಸಿನೀರು ಮೈಗೆ ಬಿದ್ದದ್ದೇ ತಡ, ಕೂಸಿನ ತುಟಿ ಕೆಂಪಾಯಿತು, ಅದು ಬೆಚ್ಚಗೆ ನಿದ್ದೆ ಹೋಯಿತು.

ಎಲ್ಲ ಅವತ್ತೇ ಮುಗೀತು ಅಂದುಕೋಬೇಡ್ರಿ. ತಿಂಗಳುಗಟ್ಟಲೆ ಕೊಟ್ರವ್ವನ ಗಡಿಗೆ ಯಾರೂ ಕೊಳ್ಳಲಿಲ್ಲ. ಆದರೆ ಒಂದು ದಿನ ತಿಮ್ಮವ್ವ ಬೇಕಂತಲೇ ತನ್ನ ಒಲೆ ಆರಿಸಿ, ದುರುಗಿಯ ಮನೆಗೆ ಕೆಂಡ ಕೇಳೋಕೆ ಬಂದಳು. ಅವಳನ್ನ ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ಅರ್ಧ ಊರಿನ ಒಲೆಯಲ್ಲಿ ದುರುಗಿಯ ಬೆಂಕಿ ಆದಾಗ ಗೌಡ ಡಂಗುರದವನನ್ನ ಕರೆಸಿದ. ರಾಗಕ್ಕೆ ನಗೋದು, ಮೀನಿಗೆ ಮೂಗು ಮುರಿಯೋದು ಜನ ತಾವೇ ಮರೆತರು. ಡಂಗುರ ಹೊಡೆದು ಹಾಕಿದ ಕಟ್ಟಳೆ ಮಾತ್ರ ಹಾಗೆ ಮರೆತು ಹೋಗೋದಲ್ಲ. ಡಂಗುರ ಹೊಡೆದೇ ತೆಗೀಬೇಕಾಯಿತು.

ಡಂಗುರ ಹೊಡೆದ ದಿನ ಸಂಜೆ ಕೊಟ್ರವ್ವ ದುರುಗಿಯ ಗುಡಿಸಲಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನಿನ್ನನ್ನೇ ತಿದ್ದೋಕೆ ಹೊರಟಿದ್ದೆ, ಮೂರು ದಿನ ಕೂಸನ್ನ ಚಳಿಯಲ್ಲಿ ಇಟ್ಟೆ ಅಂತ ಕಣ್ಣೊರೆಸಿಕೊಂಡಳು. ದುರುಗಿ ಕೂಸನ್ನ ಅವಳ ಮಡಿಲಿಗೆ ಹಾಕಿದಳು.

"ಮೂರು ದಿನ ನನಗ ಬುದ್ಧಿ ಹೇಳಿದಿ ಅಕ್ಕ. ನಾಕನೇ ದಿನ ನನ್ನ ಜೋಡಿ ಬಂದು, ಅವರು ನನಗ ಹೇಳಿದ್ದನ್ನ ನಿನ್ನ ಕಿವೀಲೆ ಕೇಳಿದಿ. ಕೇಳಿ ಸುಮ್ಮನ ಮನೀಗೆ ಹೋಗಲಿಲ್ಲ. ನಿನ್ನ ಹೊಟ್ಟಿ ತಣ್ಣಗಿರಲಿ."

ಅವರ ಒಲೆ ಅಲ್ಲಿ ಹೊತ್ತಿತು, ನನ್ನ ಕಥೆ ಇಲ್ಲಿ ಆರಿತು. ಕೇಳಿದ ನಿಮ್ಮೆಲ್ಲರ ಹೊಟ್ಟೆಯೂ ತಣ್ಣಗಿರಲಿ.