ಸುಣ್ಣದಜ್ಜನ ಮೂರು ಏಟು

ಇದು ಕಟ್ಟುಕತೆಯಲ್ಲ. ನಮ್ಮ ಚಿಕ್ಕಮ್ಮನ ಹಿರಿಮಗನಿಗೇ ಆದದ್ದು. ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳುವ ವಿಷಯವಲ್ಲ.

ಅವತ್ತು ಪಾಳಿ ಮುಗಿಸಿ, ಪಂಪನ್ನು ಓಡಲು ಬಿಟ್ಟು, ಗಣಿಯ ದಂಡೆಯ ಆಲದ ಮರದ ಕೆಳಗೆ ನಡೆದು ಬರುತ್ತಿದ್ದ. ಸರಿರಾತ್ರಿ. ಪಕ್ಕದಲ್ಲೇ ನೀರಿನ ಪೈಪು, ಗುಂಯ್ ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಅದರೊಳಗಿಂದ... ಟಣ್. ಟಣ್. ಟಣ್.

ಅವನ ಕಾಲು ನಿಂತೇ ಹೋಯಿತು.

ಯಾಕೆಂದರೆ, ಅವನು ಗಣಿಯ ತಳದಲ್ಲಿ ಪಂಪು ನಡೆಸುವವನು. ಅಲ್ಲಿ ಇಳಿಯುವ ನೀರು ಬರಿಯ ನೀರಲ್ಲ. ಕಲ್ಲಿನ ಹುಳಿ ಹೀರಿ ಕೆಂಪಗಾಗಿ, ಬೂಟಿನ ಹೊಲಿಗೆಯನ್ನೇ ತಿನ್ನುವಂಥದ್ದು. ಅದನ್ನು ದಂಡೆಯ ಮೇಲಿನ ತೊಟ್ಟಿಗೆ ಏರಿಸಿ, ಸುಣ್ಣ ಕಲಸಿ, ಹುಳಿ ಮುರಿದು, ತಿಳಿಯಾದ ಮೇಲೆ ಹಳ್ಳಕ್ಕೆ ಬಿಡಬೇಕು. ಸುಣ್ಣದ ಕೆಲಸ ಅವನ ತಮ್ಮನದು. ಗಣಿಯೊಳಗೆ ಫೋನು ಸಿಗುವುದಿಲ್ಲ. ಅಣ್ಣತಮ್ಮಂದಿರ ಮಾತೆಲ್ಲ ಪೈಪಿನ ಮೇಲೆ, ಸ್ಪ್ಯಾನರಿನ ಏಟಿನಲ್ಲಿ. ಕೆಳಗಿನವನು ಎರಡು ಬಡಿದು ಕೇಳಬೇಕು. ಮೇಲಿನಿಂದ ಎರಡು ಬಂದರೆ, ಪಂಪು ಹಾಕಬಹುದು. ಮೂರು ಬಂದರೆ, ಬೇಡ... ತೊಟ್ಟಿಯೊಳಗೆ ಆಳಿದ್ದಾನೆ. ಪಂಪು ಹಾಕಿದರೆ ತೊಟ್ಟಿಯನ್ನು ಕಲಕುವ ರೆಕ್ಕೆಯೂ ತಾನಾಗಿ ತಿರುಗುತ್ತದಲ್ಲ!

ಈ ಕ್ರಮ ಕಲಿಸಿದ್ದು ಮೊದಲು ಅಲ್ಲಿದ್ದ ಸುಣ್ಣದಜ್ಜ. ಮಂಡಿನೋವಿನ ಮನುಷ್ಯ, ತಗಡಿನ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತೇ ಬಡಿಯುತ್ತಿದ್ದ. ಹಾಗೆ ಕೂತಲ್ಲೇ ಒಂದು ಬೆಳಗಿನ ಜಾವ ತೀರಿಕೊಂಡಿದ್ದ.

ಅಣ್ಣ ಬಿದ್ದೆನೋ ಎದ್ದೆನೋ ಎಂದು ಕೆಳಗೆ ಓಡಿ ಪಂಪು ನಿಲ್ಲಿಸಿದ. ಮತ್ತೆ ದಂಡೆ ಹತ್ತಿ ಬಂದು ನೋಡಿದರೆ, ತಮ್ಮ ಶೆಡ್ಡಿನಲ್ಲಿ ಕಾಲು ಚಾಚಿ ಟೀ ಕುಡಿಯುತ್ತಿದ್ದಾನೆ!

"ನಾನೆಲ್ಲಿ ಬಡಿದೆ ಮಾರಾಯ? ಅತ್ತಿಗೆ ಬಡಿದದ್ದು ಇನ್ನೂ ಕಿವಿಯಲ್ಲಿದೆಯೇನೋ."

"ತಮಾಷೆ ಬೇಡ ಕಣೋ... ಮೂರು ಕೇಳಿಸ್ತು."

ಅಷ್ಟರಲ್ಲಿ ಕೆಳಗೆ ಅಗೆಯುವ ಯಂತ್ರದ ಕಾಲು ಮುಳುಗಿತ್ತು. ಗಣಿಯ ಸಾಹೇಬರು ಎಲ್ಲರೆದುರು ಉಗಿದರು. "ಇನ್ನೊಂದು ಸಲ ದೆವ್ವದ ಮಾತು ಕೇಳಿ ಪಂಪು ನಿಲ್ಲಿಸಿದರೆ, ನೀನೂ ದೆವ್ವದ ಜೊತೆಗೇ ಕೆಲಸ ಹುಡುಕ್ಕೋ."

ಆಮೇಲೆ ಮಳೆ ಹಿಡಿಯಿತು. ಅಂಥದ್ದೊಂದು ರಾತ್ರಿ ಅಣ್ಣನ ಸ್ಪ್ಯಾನರು ಕೈಜಾರಿ ಕೆಸರುಗುಂಡಿಗೆ ಬಿದ್ದಿತ್ತು. ತಮ್ಮ ಇನ್ನೂ ಬಂದಿರಲಿಲ್ಲ. ಆಮೇಲೆ ತಂದಿಟ್ಟರಾಯಿತು ಎಂದು, ಮೇಲೆ ಮೊಳೆಗೆ ನೇತುಹಾಕಿದ್ದ ತಮ್ಮನ ಸ್ಪ್ಯಾನರನ್ನೇ ತೆಗೆದುಕೊಂಡು ಇಳಿದ. ಪಂಪಿನ ಬಾಯಿಗೆ ಕೆಸರು ಕಟ್ಟಿಕೊಂಡಿತು. ನಿಲ್ಲಿಸಿದ, ಬಿಚ್ಚಿದ, ತೊಳೆದ. ಸುತ್ತ ನೀರು ಗೊಳಗೊಳ ಎಂದು ಏರುತ್ತಿತ್ತು.

"ಹಾಕೋ! ಹಾಕೋ ಬೇಗ!" ಸಾಹೇಬರು ಯಂತ್ರದ ಮೇಲಿಂದ ಕೂಗುತ್ತಿದ್ದರು.

ಅಭ್ಯಾಸದಿಂದ ಎರಡು ಬಡಿದ. ಟಣ್. ಟಣ್.

ಮೇಲಿನಿಂದ... ಟಣ್. ಟಣ್.

ಅಬ್ಬ, ಎಂದುಕೊಂಡ. ಕೈ ಪಂಪಿನ ಸ್ವಿಚ್ಚಿನ ಮೇಲೆ ಹೋಯಿತು. ಆಗ ನಿಧಾನವಾಗಿ ಇನ್ನೊಂದು.

ಟಣ್.

ಅವನು ತನ್ನ ಕೈಯನ್ನು ನೋಡಿಕೊಂಡ. ಮೇಲಿನ ಸ್ಪ್ಯಾನರು ಇಲ್ಲೇ ಇದೆ. ಹಾಗಾದರೆ ಬಡಿದದ್ದು ತಮ್ಮನಲ್ಲ. ಮತ್ತೆ ಅದೇ ಸುಳ್ಳು ಸದ್ದು. ಹತ್ತಿ ಹೋಗಿ ನೋಡಿ ಬರುವಷ್ಟರಲ್ಲಿ ಪಂಪೇ ಮುಳುಗುತ್ತದೆ. "ಹಾಕೋ!" ನೀರು ತೊಡೆಗೆ ಬಂದಿತ್ತು.

ಹಾಕಿದ.

ತಮ್ಮ ಬದುಕಿದ, ಅದೇ ಪುಣ್ಯ. ರೆಕ್ಕೆ ಹೊಡೆದು ಸುಣ್ಣದ ನೀರಿಗೆ ಮುಖ ಕೆಳಗಾಗಿ ಬಿದ್ದಿದ್ದ. ಎರಡೂ ಕಣ್ಣು ಹೋದವು. ಆಸ್ಪತ್ರೆಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದವನ ಕಿವಿಯ ಹತ್ತಿರ ಅಣ್ಣ ಬಾಗಿದ.

"ಸ್ಪ್ಯಾನರು ಇಲ್ಲದೆ ಯಾಕೋ ತೊಟ್ಟಿಗಿಳಿದೆ?"

"ಪಂಪು ನಿಂತಿತ್ತಲ್ಲ... ರೆಕ್ಕೆಗೆ ಕಟ್ಟಿದ ಸುಣ್ಣ ಕೆರೆಯೋಣ ಅಂತ. ಸ್ಪ್ಯಾನರು ಹುಡುಕಿದೆ, ಸಿಗಲಿಲ್ಲ. ಇಳಿಯೋದು ಬೇಡ ಅಂತ ಏಣಿ ಮೇಲೆ ನಿಂತಿದ್ದೆ ಅಣ್ಣ. ಅಷ್ಟರಲ್ಲಿ ನೀನು ಎರಡು ಕೇಳಿದೆ. ಹೊರಗಡೆ ಯಾರೋ ಮೂರು ಬಡಿದರು. ಸುಣ್ಣದ ಲಾರಿಯವನು ನನ್ನ ಬದಲು ಹೇಳಿದ ಅಂದ್ಕೊಂಡೆ. ಇನ್ನು ಹೆದರಿಕೆ ಇಲ್ಲ ಅಂತ ಇಳಿದೆ."

ಆ ಮಳೆಗೆ ಲಾರಿ ಬಂದೇ ಇರಲಿಲ್ಲ.

"ನಿನಗೆ ಕೇಳಿಸಲಿಲ್ವಾ ಅಣ್ಣ?"

ಅಣ್ಣ ಹೊದಿಕೆಯನ್ನು ತಮ್ಮನ ಎದೆಯವರೆಗೆ ಎಳೆದ. ಇವತ್ತಿಗೂ ಅವನೇ ತಮ್ಮನಿಗೆ ಊಟದ ತಟ್ಟೆ ಕೈಗೆ ಕೊಡುತ್ತಾನೆ, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುತ್ತಾನೆ.

ನಂಬದಿದ್ದರೆ ಬಿಡಿ. ತೊಟ್ಟಿಯ ಹತ್ತಿರದ ಪೈಪಿಗೆ ಆ ಮಳೆಗೆ ಮುಂಚೆ ತಮ್ಮನೇ ಹೊಸದಾಗಿ ನೀಲಿ ಬಣ್ಣ ಬಳಿದಿದ್ದ. ತಮ್ಮ ಆರಡಿ ಆಳು, ಎದೆಯ ಮಟ್ಟದಲ್ಲಿ ಬಡಿಯುವವನು. ಅಲ್ಲಿನ ಗುರುತುಗಳೆಲ್ಲ ತುಕ್ಕು ಹಿಡಿದಿವೆ. ಕೆಳಗೆ, ಕೂತವನ ಕೈಗೆಟಕುವ ಎತ್ತರದಲ್ಲಿ, ಮೂರು ಕಡೆ ಬಣ್ಣ ಎದ್ದು ಕಬ್ಬಿಣ ಫಳಫಳ ಹೊಳೆಯುತ್ತದೆ. ನಾನೇ ಬೆರಳಿಟ್ಟು ನೋಡಿ ಬಂದಿದ್ದೇನೆ. ಎರಡು ಮಳೆಗಾಲ ಕಳೆದವು... ಅದಕ್ಕಿನ್ನೂ ತುಕ್ಕು ಹಿಡಿದಿಲ್ಲ.