ಹನ್ನೊಂದನೇ ಲಾಕಿನ ಬಿಳಿ ಗೆರೆ

ಈ ಪ್ರಕರಣಕ್ಕೆ ಇದುವರೆಗೆ ಆದ ಖರ್ಚು: ಒಬ್ಬರ ಬಲಗೈಗೆ ನಾಲ್ಕು ಹೊಲಿಗೆ, ನೀರುಪಾಲಾದ ಒಂದು ಕಬ್ಬಿಣದ ಹಿಡಿಕೆ, ಒಡೆದ ಮೂರು ಟೀ ಮಗ್ಗು, ಸೊಟ್ಟಗಾದ ಒಂದು ಚುಕ್ಕಾಣಿ, ಮತ್ತು ಆರು ದಿನಗಳಿಂದ ಬೋನಿನಲ್ಲಿರುವ ಒಂದು ನಾಯಿ. ಲೆಕ್ಕ ಕೊಡುತ್ತಿರುವವನು ನೆವಿಲ್ ಬ್ಲೋರ್, ವಯಸ್ಸು 58, ಉದ್ಯೋಗ ಕಾಲುವೆಯ ಮೇಲೆ ದೋಣಿಯಲ್ಲಿ ಕಲ್ಲಿದ್ದಲು ಮತ್ತು ಗ್ಯಾಸ್ ಮಾರಾಟ, ವಾಸ ಅದೇ ದೋಣಿಯಲ್ಲಿ, ಸ್ಟಾಫರ್ಡ್‌ಶೈರ್. ಅಕ್ಟೋಬರ್ 12ರಂದು ಸ್ಥಳದಲ್ಲೇ ಕೊಟ್ಟ ನನ್ನ ಹೇಳಿಕೆಯನ್ನು ತಿದ್ದಲು ಯಾರೂ ಕರೆಯದೆ ಠಾಣೆಗೆ ಬಂದು ತಿಳಿಸುವುದೇನೆಂದರೆ:

ನಾಯಿಯ ಹೆಸರು ಟರ್ನಿಪ್. ಕಂದು ಬಿಳಿ ಬಣ್ಣ, ಒಂದು ಕಿವಿ ನಿಂತಿದೆ, ಒಂದು ಬಿದ್ದಿದೆ, ವಯಸ್ಸು ಒಂಬತ್ತು. ಒಡತಿ ಎನಿಡ್ ಪ್ಲಾಂಟ್, ವಯಸ್ಸು 74. ಗಂಡ ತೀರಿಕೊಂಡ ಮೇಲೆ ಎಂಟು ವರ್ಷಗಳಿಂದ ನಲವತ್ತೈದು ಅಡಿಯ ದೋಣಿಯನ್ನು ಒಬ್ಬರೇ ನಡೆಸುತ್ತಿದ್ದಾರೆ. ಒಬ್ಬರೇ ಎಂದು ಬರೆಸಿದ್ದು ತಪ್ಪು. ನಾಯಿಯೂ ಸೇರಿ ಇಬ್ಬರು.

ಬರೆದುಕೊಳ್ಳುತ್ತಿರುವ ಪೇದೆಯವರು ದೋಣಿ ಹತ್ತಿದವರಲ್ಲ ಎಂದರು, ಆದ್ದರಿಂದ ಇಷ್ಟು ಹೇಳುತ್ತೇನೆ. ಕಾಲುವೆ ಇಳಿಜಾರಿಗೆ ಬಂದಾಗ ದೋಣಿಯನ್ನು ಲಾಕ್ ಎಂಬ ಕಲ್ಲಿನ ತೊಟ್ಟಿಯೊಳಗೆ ನಿಲ್ಲಿಸಿ, ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲ ತೂಬನ್ನು ಕಬ್ಬಿಣದ ಹಿಡಿಕೆ ಸುತ್ತಿ ಎತ್ತಿ, ಬೀಳದಂತೆ ಕೊಕ್ಕೆ ಹಾಕಿ ನೀರು ಇಳಿಸುತ್ತೇವೆ. ಹಿಂದಿನ ಬಾಗಿಲ ಬುಡದಲ್ಲಿ ನೀರೊಳಗೆ ಒಂದು ಕಲ್ಲಿನ ಹೊಸ್ತಿಲಿದೆ. ಅದು ಎಲ್ಲಿಯವರೆಗೆ ಚಾಚಿದೆ ಎಂದು ತೋರಿಸಲು ದಡದ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯ ಹಿಂಭಾಗ ಆ ಗೆರೆಗಿಂತ ಹಿಂದೆ ಸರಿದರೆ, ನೀರು ಇಳಿದಂತೆ ಅದು ಹೊಸ್ತಿಲ ಮೇಲೆ ಕೂರುತ್ತದೆ, ಮೂತಿ ಮಾತ್ರ ಇಳಿಯುತ್ತದೆ. ಮುಳುಗಲು ಎರಡು ನಿಮಿಷ ಸಾಕು.

ಟರ್ನಿಪ್ ಪ್ರತಿ ಲಾಕಿನಲ್ಲೂ ದಡಕ್ಕೆ ಹಾರಿ ಆ ಬಿಳಿ ಗೆರೆಯ ಮೇಲೆ ಕೂರುತ್ತದೆ. ದೋಣಿ ಹಿಂದೆ ಸರಿದರೆ ಒಮ್ಮೆ ಬೊಗಳುತ್ತದೆ. ಎನಿಡ್ ಮುಂದೊತ್ತಿದರೆ ಸುಮ್ಮನಾಗುತ್ತದೆ. ಯಾರೂ ಕಲಿಸಿದ್ದಲ್ಲ. ಮೂವತ್ತೊಂದು ವರ್ಷ ಈ ನೀರಿನ ಮೇಲಿದ್ದೇನೆ, ಸಂಬಳ ತೆಗೆದುಕೊಳ್ಳುವ ಎಷ್ಟೋ ಜನರಲ್ಲಿ ಈ ಶ್ರದ್ಧೆ ಕಂಡಿಲ್ಲ.

12ರಂದು ಬೆಳಿಗ್ಗೆ 10.40ಕ್ಕೆ ಎನಿಡ್ ಹನ್ನೊಂದನೇ ಲಾಕಿನೊಳಗೆ ದೋಣಿ ತಂದರು. ಮೇಲ್ಗಡೆ ದೋಣಿ ಕಟ್ಟಿದ್ದ ನನ್ನನ್ನು ನೋಡಿ, "ಏನೋ ನೆವಿಲ್, ಇವತ್ತು ಕಲ್ಲಿದ್ದಲು ಮಾರ್ತೀಯೋ, ಅದು ಕುಡಿದಿರೋ ನೀರು ಮಾರ್ತೀಯೋ?" ಎಂದು ಕೇಳಿದರು. ನಾನು, "ನೀರಿಗೆ ದುಡ್ಡು ತಗೊಳ್ಳಲ್ಲ ಬಿಡಿ, ಮೊದಲು ಒಂದು ಟೀ ಕೊಡಿ. ಒಳಗೆ ಹೋಗಿ, ದೋಣಿ ನಾನು ನೋಡ್ಕೋತೀನಿ" ಎಂದೆ. ಅವರು ಹಗ್ಗವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಈ ಮಾತು ನನ್ನ ಮೊದಲ ಹೇಳಿಕೆಯಲ್ಲಿಲ್ಲ.

10.44ಕ್ಕೆ ನಾನು ಮುಂದಿನ ಬಾಗಿಲ ಎಡ ತೂಬನ್ನು ಎತ್ತಿದೆ. ಏಳು ಅಡಿ ಆಚೆಯ ದಡದಲ್ಲಿ ಗೈಲ್ಸ್ ಫರ್ನಿವಲ್ ಎಂಬವರು ಸಹಾಯಕ್ಕೆಂದು ಹಿಡಿಕೆ ಹಿಡಿದು ನಿಂತಿದ್ದರು. ರಜೆಗೆ ಬಂದವರು, ಬಾಡಿಗೆ ದೋಣಿ, ಕೆಳಗೆ ತಮ್ಮ ಸರದಿ ಕಾಯುತ್ತಿದ್ದರು. ಅವರ ದೋಣಿಯ ಚಿಮಣಿಯ ಹೊಗೆ ನೋಡಿ, ಒಲೆಗೆ ಹಾಕಿರುವುದು ಹಸಿ ಸೌದೆ ಎಂದು ನನಗೆ ತಿಳಿಯಿತು. ಗಿರಾಕಿ ಸಿಕ್ಕಿದ ಎಂದು ಹಗ್ಗವನ್ನು ನೆಲಕ್ಕೆ ಹಾಕಿ, ಎನಿಡ್ ಅವರ ದೋಣಿಗೆ ಬೆನ್ನು ಮಾಡಿ, ಕೆಳಗಿನ ದೋಣಿಯ ಕಡೆ ಕೈ ತೋರಿಸುತ್ತಾ ಎರಡು ಮೂಟೆಯ ವ್ಯಾಪಾರ ಕುದುರಿಸತೊಡಗಿದೆ. ನಾಯಿ ಒಮ್ಮೆ ಬೊಗಳಿತು. ನಾನು ತಿರುಗದೆ, "ಸುಮ್ನಿರೋ, ದೊಡ್ಡವರು ಮಾತಾಡ್ತಿದ್ದೀವಿ" ಎಂದೆ. ಮತ್ತೆ ಬೊಗಳಿತು. ಫರ್ನಿವಲ್ ಅವರು ಇನ್ನೊಂದು ತೂಬನ್ನೂ ಎತ್ತಬಹುದೇ ಎಂದು ಕೇಳಿದರು. ಎತ್ತಿ ಎಂದವನು ನಾನೇ.

ಅವರು ಅರ್ಧ ಎತ್ತಿದಾಗ ನಾಯಿ ಬಿಳಿ ಗೆರೆ ಬಿಟ್ಟು ಓಡಿ, ಮುಂದಿನ ಬಾಗಿಲ ಮೇಲಿನ ಒಂಬತ್ತು ಅಂಗುಲದ ಹಲಗೆಯ ಮೇಲೆ ದಾಟಿ, ಹಿಡಿಕೆ ಸುತ್ತುತ್ತಿದ್ದ ಕೈಯನ್ನೇ ಕಚ್ಚಿತು. ಅವರು ಕೂಗಿ ಕೈಬಿಟ್ಟರು. ಕೊಕ್ಕೆ ಹಾಕಿರಲಿಲ್ಲವಾದ್ದರಿಂದ ತೂಬು ತಾನಾಗಿ ಬಿತ್ತು, ಹಿಡಿಕೆ ಗಿರ್ರನೆ ತಿರುಗಿ ಹಾರಿ ನೀರಿಗೆ ಹೋಯಿತು. ನಾಯಿ ಕೂಡಲೇ ಕೈಬಿಟ್ಟು ಬಿಳಿ ಗೆರೆಗೆ ಓಡಿತು. ಆಗ ನಾನು ತಿರುಗಿ ನೋಡಿದೆ.

ದೋಣಿಯ ಹಿಂಭಾಗ ಹೊಸ್ತಿಲ ಮೇಲೆ ಕೂತಿತ್ತು. ಮೂತಿ ಎರಡಡಿ ತಗ್ಗಿತ್ತು, ದೋಣಿಮನೆಯ ಮುಂಬಾಗಿಲಿಗೆ ನೀರು ಮುಟ್ಟಲು ಒಂದು ಗೇಣು ಉಳಿದಿತ್ತು. ಒಳಗಿನಿಂದ ಪಾತ್ರೆಗಳು ಉರುಳುವ ಸದ್ದು. ನಾನು ಕೊಕ್ಕೆ ಎತ್ತಿ ನನ್ನ ತೂಬನ್ನು ದಡ್ಡನೆ ಬೀಳಿಸಿದೆ. ತೂಬು ಮುರಿಯುತ್ತದೆಂದು, ಹಾಗೆ ಬೀಳಿಸುವವರನ್ನು ನಮ್ಮ ನೀರಿನವರು ಮೂರು ವರ್ಷ ಆಡಿಕೊಳ್ಳುತ್ತಾರೆ. ಹಿಂದಿನ ಬಾಗಿಲಿಗೆ ಓಡಿ, ನೀರು ಒಳಬಿಡುವ ಅದರ ತೂಬನ್ನು ಕಾಲು ಭಾಗ, ಆಮೇಲೆ ಅರ್ಧ ಎತ್ತಿದೆ. ನೀರು ಏರಿ 10.53ಕ್ಕೆ ದೋಣಿ ತೇಲಿತು. ಎನಿಡ್ ತಲೆ ಹೊರಹಾಕಿ, ಮಗ್ಗಿನ ಹಿಡಿ ಮಾತ್ರ ಕೈಯಲ್ಲಿಟ್ಟುಕೊಂಡು, "ಯಾವನೋ ಅವನು, ನನ್ನ ಮನೆ ಓರೆ ಮಾಡಿದವನು?" ಎಂದರು. ನಾನು ನೆಲದ ಮೇಲಿದ್ದ ಹಗ್ಗ ಎತ್ತಿ ಸುತ್ತತೊಡಗಿದೆ.

ಕಚ್ಚಿಸಿಕೊಂಡವರು ದೂರು ಕೊಟ್ಟರು. ಪೊಲೀಸರು ಕೇಳಿದಾಗ ನಾನು ಏನನ್ನೂ ನೋಡಲಿಲ್ಲ ಎಂದೆ. ಅದು ನಿಜ, ನೋಡಲಿಲ್ಲ. ನೋಡಬೇಕಾಗಿದ್ದವನು ನಾನು. ಸುಮ್ಮನೆ ಕಚ್ಚಿದ ನಾಯಿ ಎಂದು ಟರ್ನಿಪ್ ಅನ್ನು ಕೊಂಡೊಯ್ದರು. ಇದೇ ಸೋಮವಾರ ಅದನ್ನು ಉಳಿಸುವುದೋ ಬೇಡವೋ ಎಂದು ತೀರ್ಮಾನವಾಗಲಿದೆ ಎಂದು ತಿಳಿದಿದ್ದೇನೆ.

ಅಂದಿನಿಂದ ಎನಿಡ್ ಹನ್ನೆರಡನೇ ಲಾಕಿನ ಮೇಲ್ಗಡೆ ದೋಣಿ ಕಟ್ಟಿ ಕೂತಿದ್ದಾರೆ. ನಾಯಿ ಇಲ್ಲದೆ ಲಾಕಿಗೆ ಇಳಿಯುವುದಿಲ್ಲ. ನಿನ್ನೆ ಮಧ್ಯಾಹ್ನ ಹೋಗಿ, ಗೆರೆಯ ಹತ್ತಿರ ನಾನು ನಿಲ್ಲುತ್ತೇನೆ ಎಂದೆ. "ನಿನಗೆ ಬೊಗಳೋಕೆ ಬರುತ್ತಾ ನೆವಿಲ್?" ಎಂದು ಕೇಳಿದರು. ನಗಲಿಲ್ಲ. ಆಗ ಎಲ್ಲವನ್ನೂ ಹೇಳಿದೆ. ಅವರು, "ನನಗೆ ಹೇಳಿದ್ದಾಯ್ತಲ್ಲ, ಹೇಳಬೇಕಾದವರಿಗೆ ಹೇಳು" ಎಂದರು. ಫರ್ನಿವಲ್ ಅವರಿಗೂ ಫೋನ್ ಮಾಡಿದೆ. "ಹಾಗಾದ್ರೆ ಅದು ಕಚ್ಚಬೇಕಾಗಿದ್ದು ನಿಮ್ಮನ್ನಲ್ವೇನ್ರೀ?" ಎಂದರು. ಹೌದು ಎಂದೆ.

ಕೊನೆಯ ಲೆಕ್ಕ ಹೀಗಿದೆ. ಎನಿಡ್ ಅವರಿಗೆ ಮನೆಯೂ ಜೀವವೂ ಉಳಿದವು. ಫರ್ನಿವಲ್ ಅವರಿಗೆ ನಾಲ್ಕು ಹೊಲಿಗೆ, ಮತ್ತು ಒಬ್ಬ ಹೆಂಗಸನ್ನು ತಿಳಿಯದೆ ಮುಳುಗಿಸುವುದು ತಪ್ಪಿತು. ನನಗೆ ಎರಡು ಮೂಟೆಯ ವ್ಯಾಪಾರ ತಪ್ಪಿತು, ಮೂವತ್ತೊಂದು ವರ್ಷದ ಹೆಸರು ಹೋಯಿತು, ಇವತ್ತು ನಿದ್ದೆ ಬರಬಹುದು. ಎರಡು ತೂಬುಗಳಲ್ಲಿ ಒಂದನ್ನು ನಾನು ಮುಚ್ಚಿದೆ, ಅದಕ್ಕೂ ಮೊದಲು ಇನ್ನೊಂದನ್ನು ನಾಯಿ ಮುಚ್ಚಿತು. ನಾಯಿಗೆ ಇದುವರೆಗೆ ಏನೂ ಸಿಕ್ಕಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ಪೊಲೀಸ್ ಠಾಣೆ, ಸ್ಟಾಫರ್ಡ್‌ಶೈರ್
ದಿನಾಂಕ: 18 ಅಕ್ಟೋಬರ್ 2019, ಬೆಳಿಗ್ಗೆ 9.25
(ಸಹಿ) ನೆವಿಲ್ ಬ್ಲೋರ್