ಅವ್ವನ ಗಂಟು

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗವಿಲ್ಲ. ಗಾದೆಯನ್ನು ತಿರುಚಿದ್ದೇನೆ, ಕತೆಯನ್ನಲ್ಲ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ, ಸ್ತನ ತಪಾಸಣೆಯ ಕೋಣೆಯ ಹೊರಗೆ ಹೆಂಡತಿಯ ಜೊತೆ ಕೂತಾಗ ಕೇಳಿದ್ದಿದು. ಬೆಂಗೇರಿಯಿಂದ ಬಂದ ದ್ರಾಕ್ಷಾಯಿಣಿ ತನ್ನ ತಂಗಿ ವಾಣಿಶ್ರೀಯ ಬೆನ್ನಿಗೆ ಕೈಚೀಲದಿಂದ ರಪ್ಪನೆ ಬಾರಿಸಿದಳು.

“ಹಲ್ಲು ಉದುರಿಸ್ತೇನಿ ನಿಂದು! ‘ಅವ್ವನ ಗಂಟು ನೋಡೂಣು ಬಾ’ ಅಂದಿ. ಬಂಗಾರ ಹಂಚ್ತಿ ಅಂತ ಓಡಿ ಬಂದೆ!”

“ಅವ್ವನ ಎದ್ಯಾಗ ಇದ್ದದ್ದೂ ಗಂಟೇ ಅಲ್ಲೇನಕ್ಕಾ? ದವಾಖಾನಿ ಅಂದಿದ್ರ ನೀ ಬರ್ತಿದ್ದಿಲ್ಲ.”

“ನಂದು ಎಮ್ಮಿ ಒದ್ದು ಆದ ಗಂಟು. ಇವತ್ತ ಅದರ ಕಾಲು ಮುರೀತೇನಿ!”

“ಎಮ್ಮಿ ಒದ್ದರ ಕ್ಯಾನ್ಸರ್ ಬರೂದಿಲ್ಲ. ಅವ್ವಗ ಬಂತು, ಅವ್ವನ ತಂಗಿ ಚಿಗವ್ವಗ ಬಂತು. ಅದು ವಂಶದಾಗೂ ಬರ್ತೈತಿ.”

“ಮೂರು ಮಕ್ಕಳಿಗೆ ಹಾಲು ಕುಡಿಸೇನಿ. ನನಗ್ಯಾಕ ಬರ್ತೈತಿ?”

“ಅದರಿಂದ ಅಪಾಯ ಕಮ್ಮಿ ಆಕ್ಕೈತಿ, ಪೂರಾ ಹೋಗೂದಿಲ್ಲ. ಮ್ಯಾಲ ನಿನಗ ಐವತ್ತು ದಾಟೈತಿ.”

“ವಯಸ್ಸಿನ ಸುದ್ದಿ ಎತ್ತಿದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೇನಿ!”

“ಕೊಡು. ಮೊದಲ ಒಳಗ ಹೋಗು. ಅವ್ವನಂಗ ತಡಾ ಮಾಡಿ ಸಾಯಬ್ಯಾಡ.”

ಎತ್ತಿದ ಚೀಲ ಗಾಳಿಯಲ್ಲೇ ನಿಂತಿತು. ಒಳಗಿನಿಂದ ನರ್ಸ್ ದ್ರಾಕ್ಷಾಯಿಣಿಯ ಹೆಸರು ಕೂಗಿದಳು.

“ತಡಿ. ನೀ ಯಾರ ಹೊಟ್ಯಾಗ ಹುಟ್ಟೀಯೇ?”

“ಅವ್ವನ ಹೊಟ್ಯಾಗ. ಯಾಕ?”

“ಹಂಗಾರ ಆ ಗಂಟಿನಾಗ ನಿನಗೂ ಪಾಲೈತಿ! ಸಿಸ್ಟರ್, ಈಕಿ ಹೆಸರೂ ಬರ್ಕೋರಿ!”

ತಂಗಿಯ ಜಡೆ ಹಿಡಿದು ದರದರ ಎಳೆದುಕೊಂಡು ಒಳಗೆ ಹೋದಳು. ಹೊರಗೆ ಕೂತವರೆಲ್ಲ ನಕ್ಕೆವು. ಬಾಗಿಲು ಮುಚ್ಚಿದ ಮೇಲೂ ಎಲ್ಲರಿಗಿಂತ ಜೋರಾಗಿ ಕೇಳಿದ್ದು ಅಕ್ಕನ ನಗು.